ಜನವರಿ 1ರ ಪಟ್ಟಿ: ವೈರಿ ದೇಶಗಳ ನಡುವೆ ನಂಬಿಕೆ ಹೇಗೆ ಕೆಲಸ ಮಾಡುತ್ತದೆ?

ಪ್ರತಿ ವರ್ಷ ಜನವರಿ 1ರಂದು ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಒಂದೇ ಹೊತ್ತಿಗೆ ಒಂದು ಸಣ್ಣ ಕೆಲಸ ನಡೆಯುತ್ತದೆ. ಇಲ್ಲಿ ನಮ್ಮ ವಿದೇಶಾಂಗ ಇಲಾಖೆಯವರು ಪಾಕಿಸ್ತಾನದ ಹೈಕಮಿಷನ್ನಿಗೆ ಒಂದು ಪಟ್ಟಿ ಕೊಡುತ್ತಾರೆ. ಅಲ್ಲಿ ಅವರು ನಮ್ಮವರಿಗೆ ಇನ್ನೊಂದು ಪಟ್ಟಿ ಕೊಡುತ್ತಾರೆ. ತಮ್ಮ ತಮ್ಮ ಅಣು ಸ್ಥಾವರಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಅದು, ಅಕ್ಷಾಂಶ ರೇಖಾಂಶ ಸಮೇತ. ಬಾಂಬು ಹಾಕಬೇಕು ಎಂದುಕೊಂಡವರಿಗೆ ಇದಕ್ಕಿಂತ ಅನುಕೂಲದ ಕಾಗದ ಬೇರೆ ಬೇಕೇ? ಅದನ್ನು ನಾವೇ ಕೈಯಾರೆ ಕೊಡುತ್ತೇವೆ. ಈ ಸ್ಥಾವರಗಳ ಮೇಲೆ ಒಬ್ಬರಿಗೊಬ್ಬರು ದಾಳಿ ಮಾಡುವುದಿಲ್ಲ ಎಂಬ ಒಪ್ಪಂದ ಇದೆ, ಅದರ ಪ್ರಕಾರ.

1992ರಿಂದ ಒಂದು ವರ್ಷವೂ ಇದು ತಪ್ಪಿಲ್ಲ. ಕಾರ್ಗಿಲ್ ಯುದ್ಧ ಆದ ಮೇಲೂ ಕೊಟ್ಟರು. ಸಂಸತ್ತಿನ ಮೇಲೆ ದಾಳಿಯಾಗಿ ಎರಡೂ ಸೈನ್ಯಗಳು ಗಡಿಗೆ ಹೊರಟಿದ್ದ ಆ 2002ರ ಜನವರಿಯಲ್ಲೂ ಕೊಟ್ಟರು. ಮುಂಬೈ ದಾಳಿಯಾಗಿ ಐದು ವಾರ ಕಳೆದಿತ್ತು, ಆಗಲೂ ಕೊಟ್ಟರು. 2025ರ ಮೇ ತಿಂಗಳಲ್ಲಿ ಒಬ್ಬರ ಮೇಲೊಬ್ಬರು ಕ್ಷಿಪಣಿ ಹಾರಿಸಿದ್ದಾಯಿತು. ಆದರೂ 2026ರ ಜನವರಿ 1ಕ್ಕೆ ಪಟ್ಟಿಗಳು ಕೈ ಬದಲಾದವು.

ಈ ಸುದ್ದಿಯನ್ನು ಚಿತ್ರದುರ್ಗ ಜಿಲ್ಲೆಯವರು ಸ್ವಲ್ಪ ಗಮನವಿಟ್ಟು ಓದಬೇಕು. ಯಾಕೆ ಅಂದರೆ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ, ಅಂದರೆ ಹುಲ್ಲುಗಾವಲುಗಳ, ಸಾವಿರಾರು ಎಕರೆಯಲ್ಲಿ ಈಗ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರ ಬಂದು ಕೂತಿವೆ. ಉಳ್ಳಾರ್ತಿ ಕಾವಲಿನಲ್ಲಿ ಬರುವುದು ಯುರೇನಿಯಂ ಸಂವರ್ಧನೆಯ ಕೆಲಸ ಎಂದು ಅಣುಶಕ್ತಿ ಇಲಾಖೆಯವರೇ ಹಿಂದೆ ಹೇಳಿದ್ದರು. ಸಂವರ್ಧನೆ ಅಂದರೆ, ಅದಿರಿನಲ್ಲಿ ತೀರಾ ಕಡಿಮೆ ಇರುವ ಕೆಲಸಕ್ಕೆ ಬರುವ ಬಗೆಯ ಯುರೇನಿಯಂನ ಪಾಲನ್ನು ಯಂತ್ರಗಳಲ್ಲಿ ತಿರುಗಿಸಿ ತಿರುಗಿಸಿ ಹೆಚ್ಚಿಸುವುದು. ಪಟ್ಟಿಯ ಹಿಂದಿರುವ ಆ ಭಾರತ-ಪಾಕ್ ಒಪ್ಪಂದದ ವ್ಯಾಖ್ಯೆಯಲ್ಲಿ ರಿಯಾಕ್ಟರ್‌ಗಳ ಜೊತೆ ಸಂವರ್ಧನಾ ಘಟಕಗಳೂ ಸೇರುತ್ತವೆ. ಪಟ್ಟಿಯಲ್ಲಿ ನಮ್ಮ ಊರುಗಳ ಹೆಸರಿದೆಯೋ ಇಲ್ಲವೋ, ಅದು ಎರಡು ಸರ್ಕಾರಗಳ ನಡುವಿನ ಗುಟ್ಟು. ಆದರೆ ಆ ಕಾಗದ ಯಾರನ್ನು ಕಾಯಲು ಹುಟ್ಟಿದೆ ಎಂದರೆ, ಇಂಥ ಬೇಲಿಯ ಪಕ್ಕ ಕುರಿ ಮೇಯಿಸುವವರನ್ನೇ. ಅಣು ಸ್ಥಾವರದ ಮೇಲೆ ಬಾಂಬು ಬಿದ್ದರೆ ವಿಕಿರಣ ಸುತ್ತಲಿನ ಊರುಗಳಿಗೆ ತಾನೇ ಹರಡುವುದು?

ದುರ್ಗದಲ್ಲೋ ದಾವಣಗೆರೆಯಲ್ಲೋ ಹೋಟೆಲಿನಲ್ಲಿ ಕೂತು ಈ ವಿಷಯ ತೆಗೆದರೆ ಬರುವ ಮೊದಲ ಮಾತು ಒಂದೇ. "ಅವರನ್ನ ನಂಬೋಕಾಗುತ್ತಾ?" ನ್ಯಾಯವಾದ ಪ್ರಶ್ನೆ. ಆದರೆ ದೇಶಗಳ ನಡುವೆ ನಂಬಿಕೆ ಎಂದಾಗ ಪ್ರೀತಿ, ಗೌರವ, ಒಳ್ಳೆಯತನ ಯಾವುದೂ ಲೆಕ್ಕಕ್ಕಿಲ್ಲ. ಎದುರಿನವನು ನಾಳೆ ಬೆಳಿಗ್ಗೆ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ ಎಂದು ಒಂದು ಮಟ್ಟಕ್ಕೆ ಅಂದಾಜು ಸಿಕ್ಕರೆ ಸಾಕು. ಅಷ್ಟನ್ನೇ ಇಲ್ಲಿ ನಂಬಿಕೆ ಎನ್ನುತ್ತಾರೆ. ಅದು ಕಡು ವೈರಿಗಳ ನಡುವೆಯೂ ಸಾಧ್ಯ. ನಿಜ ಹೇಳಬೇಕೆಂದರೆ ವೈರಿಗಳಿಗೇ ಅದು ಬೇಕಾಗುವುದು. ನಾವು ಭೂತಾನಕ್ಕೆ ಯಾವ ಪಟ್ಟಿಯನ್ನೂ ಕೊಡುವುದಿಲ್ಲ.

ಕೋಟೆ ನಡೆದು ಬರುವುದಿಲ್ಲ

ಯುದ್ಧಗಳೆಲ್ಲ ದುರಾಸೆಯಿಂದ ಆಗುತ್ತವೆ ಎಂದುಕೊಂಡರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಉಳಿದರ್ಧ ಭಯದ ಕಥೆ. ಒಂದು ದೇಶ ತನ್ನ ರಕ್ಷಣೆಗೆ ಅಂತ ಶಸ್ತ್ರ ಕೂಡಿಸುತ್ತದೆ. ಪಕ್ಕದ ದೇಶ ಅದನ್ನು ನೋಡಿ ಇದು ನನ್ನ ಮೇಲೆ ಬರಲಿಕ್ಕೇ ಎಂದುಕೊಳ್ಳುತ್ತದೆ. ಅದೂ ಕೂಡಿಸುತ್ತದೆ. ಅದನ್ನು ನೋಡಿ ಮೊದಲನೆಯ ದೇಶ, "ನೋಡಿ, ನಾನು ಅಂದುಕೊಂಡದ್ದೇ ಸರಿ" ಎನ್ನುತ್ತದೆ. ಇಬ್ಬರಿಗೂ ಯುದ್ಧ ಬೇಡ, ಆದರೂ ಇಬ್ಬರೂ ಯುದ್ಧದ ಕಡೆಗೇ ಒಂದೊಂದು ಹೆಜ್ಜೆ ಇಡುತ್ತಿರುತ್ತಾರೆ. ಜಾನ್ ಹರ್ಜ್ ಎಂಬ ವಿದ್ವಾಂಸ 1950ರಲ್ಲಿ ಇದಕ್ಕೆ ಭದ್ರತೆಯ ಇಕ್ಕಟ್ಟು ಎಂಬರ್ಥದ ಹೆಸರು ಕೊಟ್ಟರು. ಇಂದಿಗೂ ಅದೇ ಹೆಸರು ಚಾಲ್ತಿಯಲ್ಲಿದೆ.

ಈ ಇಕ್ಕಟ್ಟು ಎಲ್ಲ ಶಸ್ತ್ರಕ್ಕೂ ಒಂದೇ ರೀತಿ ಅನ್ವಯಿಸುವುದಿಲ್ಲ. ನಮ್ಮ ಏಳು ಸುತ್ತಿನ ಕೋಟೆಯನ್ನೇ ನೋಡಿ. ನಾಯಕರು ಸುತ್ತಿನ ಮೇಲೆ ಸುತ್ತು ಕಟ್ಟಿಸಿದರು. ಅದನ್ನು ನೋಡಿದ ಅಕ್ಕಪಕ್ಕದ ರಾಜರಿಗೆ ದುರ್ಗ ಹಿಡಿಯುವುದು ಕಷ್ಟ ಅನ್ನಿಸಿರಬಹುದು. ಆದರೆ ಕೋಟೆಯ ಗೋಡೆ ಎದ್ದು ಬಂದು ನಮ್ಮೂರಿಗೆ ನುಗ್ಗುತ್ತದೆ ಎಂದು ಯಾರೂ ಹೆದರಿರಲಾರರು. ಗೋಡೆ ನಿಂತಲ್ಲೇ ನಿಲ್ಲುತ್ತದೆ. ಅದರ ಉದ್ದೇಶ ನೋಡಿದರೇ ಗೊತ್ತಾಗುತ್ತದೆ. ಟ್ಯಾಂಕು, ಯುದ್ಧವಿಮಾನ, ಕ್ಷಿಪಣಿ ಹಾಗಲ್ಲ. ಕಾಯಲಿಕ್ಕೂ ಅದೇ, ಹೊಡೆಯಲಿಕ್ಕೂ ಅದೇ. ಈ ಶಸ್ತ್ರಗಳ ಕಾಲದಲ್ಲಿ ಉದ್ದೇಶವನ್ನು ಬಾಯಿ ಬಿಟ್ಟು ಹೇಳಬೇಕು. ಹೇಳಿದ್ದನ್ನು ತೋರಿಸಲೂ ಬೇಕು. ಇಲ್ಲದಿದ್ದರೆ ಎದುರಿನವನು ಕೆಟ್ಟದ್ದನ್ನೇ ಊಹಿಸುತ್ತಾನೆ. ಊಹಿಸಬೇಕಾದದ್ದು ಅವನ ಸೇನಾಪತಿಯ ಕೆಲಸವೂ ಹೌದು.

ಇದಕ್ಕೆ ನಮ್ಮದೇ ಉದಾಹರಣೆ ಇದೆ. 1986ರ ಕೊನೆಗೆ ಜನರಲ್ ಸುಂದರ್‌ಜಿ ನೇತೃತ್ವದಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ 'ಬ್ರಾಸ್‌ಟ್ಯಾಕ್ಸ್' ಎಂಬ ಭಾರಿ ಸೇನಾ ಅಭ್ಯಾಸ ಶುರುವಾಯಿತು. ಲಕ್ಷಕ್ಕೂ ಹೆಚ್ಚು ಸೈನಿಕರು, ಸಾಲುಸಾಲು ಟ್ಯಾಂಕು. ಅಭ್ಯಾಸ ಅಂತ ನಾವು ಹೇಳಿದೆವು. ಪಾಕಿಸ್ತಾನ ನಂಬಲಿಲ್ಲ. ತನ್ನ ಮೀಸಲು ಪಡೆಗಳನ್ನು ಗಡಿಗೆ ಹತ್ತಿರ ತಂದಿತು. ಅವು ಪಂಜಾಬಿನ ಕಡೆ ನುಗ್ಗಬಹುದು ಎಂದು ನಾವು ಹೆದರಿದೆವು. ಅವಸರದಲ್ಲಿ ನಮ್ಮ ಸೈನ್ಯವೂ ಅಲ್ಲಿಗೆ ಹೋಯಿತು. 1987ರ ಜನವರಿಯಲ್ಲಿ ಎರಡು ದೇಶಗಳು ಯಾರಿಗೂ ಬೇಡದ ಒಂದು ಯುದ್ಧದ ಬಾಗಿಲಲ್ಲಿ ನಿಂತಿದ್ದವು. ಕೊನೆಗೆ ಅಧಿಕಾರಿಗಳು ದೆಹಲಿಯಲ್ಲಿ ಕೂತು ಮಾತಾಡಿ, ಒಂದೊಂದೇ ವಲಯದಿಂದ ಸೈನ್ಯ ಹಿಂದೆ ಸರಿಸಲು ಒಪ್ಪಿದರು. ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಫೆಬ್ರವರಿಯಲ್ಲಿ ಜೈಪುರಕ್ಕೆ ಟೆಸ್ಟ್ ಮ್ಯಾಚ್ ನೋಡಲು ಬಂದರು. ಜನರಿಗೆ ನೆನಪಿರುವುದು ಆ ಕ್ರಿಕೆಟ್ ಭೇಟಿ. ಆದರೆ ಕೆಲಸ ಮಾಡಿದ್ದು ವಲಯವಾರು ಲೆಕ್ಕ ಹಾಕಿ ಸೈನ್ಯ ಸರಿಸಿದ ಆ ಬೇಸರದ ಕಾಗದ.

ಮೊದಲು ಒಂದು ತಂತಿ

1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಟ್ಟಿದ್ದು ಅಮೆರಿಕಕ್ಕೆ ಗೊತ್ತಾಯಿತು. ಹದಿಮೂರು ದಿನ ಜಗತ್ತು ಉಸಿರು ಬಿಗಿಹಿಡಿದಿತ್ತು. ಆ ದಿನಗಳಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಕಳಿಸಿದ ಒಂದು ಉದ್ದದ ಪತ್ರ ವಾಷಿಂಗ್ಟನ್ ಕೈಗೆ ಪೂರ್ತಿ ಸಿಗಲು ಸುಮಾರು ಹನ್ನೆರಡು ಗಂಟೆ ಹಿಡಿಯಿತು. ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ಮಾಸ್ಕೋಗೆ ಸುದ್ದಿ ಕಳಿಸಬೇಕಾದರೆ ತಂತಿ ಕಂಪನಿಗೆ ಫೋನ್ ಮಾಡಬೇಕಿತ್ತು. ಸೈಕಲ್ ಮೇಲೆ ಒಬ್ಬ ಹುಡುಗ ಬಂದು ಸಂದೇಶ ಒಯ್ಯುತ್ತಿದ್ದ. ಆ ಹುಡುಗ ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಹೋಗಲಿ ಎಂದು ಆಸೆಪಡುವುದಷ್ಟೇ ರಾಯಭಾರಿಯ ಕೈಲಿದ್ದದ್ದು. ಕ್ಷಿಪಣಿ ಅರ್ಧ ಗಂಟೆಯಲ್ಲಿ ಮುಟ್ಟುತ್ತಿತ್ತು. ಮಾತು ಅರ್ಧ ದಿನ ತಗೊಳ್ಳುತ್ತಿತ್ತು.

ಮರುವರ್ಷ, 1963ರ ಜೂನ್ 20ರಂದು, ಎರಡೂ ದೇಶಗಳು ನೇರ ಸಂಪರ್ಕಕ್ಕೆ, ಅಂದರೆ ಹಾಟ್‌ಲೈನಿಗೆ, ಸಹಿ ಹಾಕಿದವು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲಿ ಇರಲೇ ಇಲ್ಲ. ಇದ್ದದ್ದು ಟೆಲಿಪ್ರಿಂಟರ್. ಬೇಕೆಂದೇ ಹಾಗೆ ಮಾಡಿದ್ದು. ಫೋನಿನಲ್ಲಿ ಸಿಟ್ಟು ಬರುತ್ತದೆ, ಬಾಯಿ ಜಾರುತ್ತದೆ, ಅನುವಾದ ಮಾಡುವವನು ತಡವರಿಸುತ್ತಾನೆ. ಬರಹವಾದರೆ ಓದಿ, ಯೋಚಿಸಿ, ಉತ್ತರ ಬರೆಯಬಹುದು. 1967ರ ಅರಬ್-ಇಸ್ರೇಲ್ ಯುದ್ಧದ ಸಮಯದಲ್ಲಿ ಅದು ನಿಜವಾಗಿ ಕೆಲಸಕ್ಕೆ ಬಂತು.

ಭಾರತ ಮತ್ತು ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ನಡುವೆ, ಅಂದರೆ ಡಿಜಿಎಂಒಗಳ ನಡುವೆ, 1971ರ ಯುದ್ಧದ ನಂತರ ಇಂಥದೇ ಸಂಪರ್ಕ ಬಂತು. ಮಂಗಳವಾರ ಮಂಗಳವಾರ ಎರಡೂ ಕಡೆಯ ಅಧಿಕಾರಿಗಳು ಮಾತಾಡುವ ರೂಢಿ ಬೆಳೆಯಿತು. ಹೇಳಲು ಏನೂ ಇಲ್ಲದಿದ್ದರೂ ಮಾತಾಡುತ್ತಾರೆ. ಸುಮ್ನೆ ಒಂದು ಶಾಸ್ತ್ರ ಅನ್ನಿಸಬಹುದು. ಆದರೆ ಬೆಂಕಿ ಬಿದ್ದ ದಿನ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಪುರುಸೊತ್ತು ಇರುವುದಿಲ್ಲ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ ನಮ್ಮ ಡಿಜಿಎಂಒಗೆ ಕರೆ ಮಾಡಿದರು. ಸಂಜೆ 5ರಿಂದ ಗುಂಡು ನಿಲ್ಲಿಸುವುದು ಎಂದಾಯಿತು. ಮಧ್ಯಸ್ಥಿಕೆ ಯಾರದ್ದು ಎಂಬ ಜಗಳ ಬೇರೆ, ಅದು ಇನ್ನೂ ಮುಗಿದಿಲ್ಲ. ಆದರೆ ಕೊನೆಗೆ ಗುಂಡು ನಿಲ್ಲಿಸುವ ಮಾತು ಹಾದುಹೋದದ್ದು ಆ ಹಳೆಯ ಸಂಪರ್ಕದಲ್ಲೇ.

ಮುಂಚೆಯೇ ಹೇಳುವುದು, ಹೇಳಿದ್ದು ತಲುಪುವುದು

ಬ್ರಾಸ್‌ಟ್ಯಾಕ್ಸ್ ಕಲಿಸಿದ ಪಾಠ 1991ರ ಏಪ್ರಿಲ್ 6ರಂದು ಎರಡು ಒಪ್ಪಂದಗಳಾಗಿ ಕಾಗದಕ್ಕೆ ಬಂತು. ದೊಡ್ಡ ಸೇನಾ ಅಭ್ಯಾಸ ಮಾಡುವುದಾದರೆ ಮುಂಚಿತವಾಗಿ ತಿಳಿಸಬೇಕು. ಯುದ್ಧವಿಮಾನಗಳು ಇನ್ನೊಬ್ಬರ ವಾಯುಗಡಿಗೆ 10 ಕಿಲೋಮೀಟರ್‌ಗಿಂತ ಹತ್ತಿರ ಹೋಗಬಾರದು. 2005ರ ಅಕ್ಟೋಬರ್‌ನಲ್ಲಿ ಇನ್ನೊಂದು ಸೇರಿತು. ಬಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆ ಇದ್ದರೆ ಕನಿಷ್ಠ 3 ದಿನ ಮೊದಲು ಹೇಳಬೇಕು.

ಹೇಳಿದರಷ್ಟೇ ಸಾಲದು ಎಂಬುದಕ್ಕೆ ನಾರ್ವೆಯ ಕಥೆ ಕೇಳಬೇಕು. 1995ರ ಜನವರಿ 25ರಂದು ಅಲ್ಲಿನ ವಿಜ್ಞಾನಿಗಳು ಉತ್ತರ ಧ್ರುವದ ಬೆಳಕಿನ ಅಧ್ಯಯನಕ್ಕೆ ಆಂಡೋಯಾ ದ್ವೀಪದಿಂದ ಒಂದು ರಾಕೆಟ್ ಹಾರಿಸಿದರು. ರಷ್ಯಾಕ್ಕೆ ವಾರಗಳ ಮೊದಲೇ ತಿಳಿಸಿದ್ದರು. ಆ ಸೂಚನೆ ಮಾಸ್ಕೋದ ಯಾವುದೋ ಮೇಜಿನ ಮೇಲೆ ಉಳಿಯಿತು, ರಾಡಾರ್ ನೋಡುತ್ತಾ ಕೂತವರಿಗೆ ಮುಟ್ಟಲಿಲ್ಲ. ಅವರ ಕಣ್ಣಿಗೆ ಅದು ಅಮೆರಿಕದ ಜಲಾಂತರ್ಗಾಮಿ ಹಾರಿಸಿದ ಕ್ಷಿಪಣಿಯಂತೆ ಕಂಡಿತು. ಅಧ್ಯಕ್ಷ ಯೆಲ್ಸಿನ್ ಮುಂದೆ ಅಣ್ವಸ್ತ್ರ ಆದೇಶದ ಪೆಟ್ಟಿಗೆ ತೆರೆದಿಟ್ಟರು. ರಾಕೆಟ್ ರಷ್ಯಾದಿಂದ ದೂರ ಹೋಗುತ್ತಿದೆ ಎಂದು ಕೆಲವೇ ನಿಮಿಷಗಳಲ್ಲಿ ತಿಳಿದು ಬಚಾವಾದರು. ಶೀತಲ ಸಮರ ಮುಗಿದು ಮೂರು ವರ್ಷ ದಾಟಿತ್ತು, ದೇಶಗಳು ಸ್ನೇಹದಲ್ಲೇ ಇದ್ದವು. ಆದರೂ ಒಂದು ಕಾಗದ ಸರಿಯಾದ ಮೇಜಿಗೆ ಹೋಗದಿದ್ದರೆ ಇಷ್ಟೆಲ್ಲ ಆಗುತ್ತದೆ.

ನಮ್ಮ ಜಿಲ್ಲೆಯ ಆಕಾಶದಲ್ಲಿ ಡಿಆರ್‌ಡಿಒದ ಮಾನವರಹಿತ ವಿಮಾನಗಳು ಹಾರಾಡುವುದು ಹೊಸ ಸುದ್ದಿ ಏನಲ್ಲ. 2019ರ ಸೆಪ್ಟೆಂಬರ್ 17ರಂದು ಒಂದು ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಜನ ಸೇರಿದರು, ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಪರೀಕ್ಷೆಯಲ್ಲಿದ್ದ ವಿಮಾನ ಕೆಟ್ಟು ಬಿತ್ತು, ಅಲ್ಲಿಗೆ ಮುಗಿಯಿತು.

ಅದೇ ಗಡಿಯಾಚೆ ಬಿದ್ದರೆ? 2022ರ ಮಾರ್ಚ್ 9ರಂದು ಆದದ್ದೇ ಅದು. ನಮ್ಮ ಒಂದು ಬ್ರಹ್ಮೋಸ್ ಕ್ಷಿಪಣಿ ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾ ಚನ್ನು ಎಂಬ ಊರಿನ ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಭಾರತ ವಿಷಾದ ಹೇಳಿದ್ದು ಎರಡು ದಿನ ಬಿಟ್ಟು, ಮಾರ್ಚ್ 11ಕ್ಕೆ. ತನಿಖೆಯಾಗಿ ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ತೆಗೆದರು. ಆ ಎರಡು ದಿನ ನನಗಂತೂ ಒಗ್ಗುವುದಿಲ್ಲ. ತಪ್ಪಿ ಹಾರಿದ್ದು ಯಂತ್ರದ, ಮನುಷ್ಯರ ತಪ್ಪು, ಆಗುತ್ತದೆ. ಆದರೆ ಸಂಪರ್ಕ ಇಟ್ಟುಕೊಂಡದ್ದೇ ಇಂಥ ಹತ್ತು ನಿಮಿಷಕ್ಕೆ. ಪಾಕಿಸ್ತಾನ ಅವತ್ತು ತಾಳ್ಮೆ ತೋರಿಸಿತು ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಮೂರು ವರ್ಷ ಮುಂಚೆ, ಬಾಲಾಕೋಟ್ ವಾರದಲ್ಲಿ, ಇದೇ ಆಗಿದ್ದರೆ ಆ ತಾಳ್ಮೆ ಇರುತ್ತಿತ್ತೇ?

ಕಣ್ಣಾರೆ ನೋಡುವುದು

ಹೇಳಿಕೆ ಯಾರು ಬೇಕಾದರೂ ಕೊಡಬಹುದು. ಅದಕ್ಕೇ ಮುಂದಿನ ಮೆಟ್ಟಿಲು ಪರಿಶೀಲನೆ. ಹೊಲದ ಬದುವಿನ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಕ್ಕಪಕ್ಕದ ಹೊಲದವರಿಗೂ ನೋಟಿಸು ಹೋಗುತ್ತದೆ. ಅಳತೆಯ ದಿನ ಅವರೂ ಬಂದು ನಿಲ್ಲುತ್ತಾರೆ. ಎಲ್ಲಿಂದ ಅಳೆದರು, ಕಲ್ಲು ಎಲ್ಲಿ ನೆಟ್ಟರು ಎಂದು ಕಣ್ಣಾರೆ ನೋಡುತ್ತಾರೆ. ಅಣ್ಣತಮ್ಮಂದಿರು ಮಾತು ಬಿಟ್ಟಿರಬಹುದು, ಹಬ್ಬಕ್ಕೆ ಕರೆಯದೆ ಇರಬಹುದು. ಆದರೆ ಇಬ್ಬರ ಎದುರಿಗೆ ನೆಟ್ಟ ಕಲ್ಲು ರಾತ್ರೋರಾತ್ರಿ ಸರಿಯುವುದು ಕಡಿಮೆ.

ಯುರೋಪಿನಲ್ಲಿ ಇದು ಒಂದೊಂದೇ ಹೆಜ್ಜೆಯಾಗಿ ಬಂತು. 1975ರಲ್ಲಿ ಹೆಲ್ಸಿಂಕಿಯಲ್ಲಿ 35 ದೇಶಗಳು ಸೇರಿ, 25,000ಕ್ಕಿಂತ ಹೆಚ್ಚು ಸೈನಿಕರ ಅಭ್ಯಾಸವಾದರೆ 21 ದಿನ ಮೊದಲು ತಿಳಿಸುವುದು ಎಂದು ಒಪ್ಪಿದವು. ನೋಡಲು ವೀಕ್ಷಕರನ್ನು ಕರೆಯುವುದು, ಬಿಡುವುದು ಅವರವರ ಇಷ್ಟ. 1986ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಮಿತಿ 13,000ಕ್ಕೆ ಇಳಿಯಿತು, ಅವಧಿ 42 ದಿನಕ್ಕೆ ಏರಿತು. ಅನುಮಾನ ಬಂದರೆ ಹೋಗಿ ನೋಡುವ ಹಕ್ಕು ಸಿಕ್ಕಿತು, ಬೇಡ ಎನ್ನುವ ಹಾಗಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಸೇನಾಧಿಕಾರಿಗಳು ಮಿನ್ಸ್ಕ್ ಹತ್ತಿರ ಸೋವಿಯತ್ ಸೇನಾ ಅಭ್ಯಾಸದ ನಡುವೆ ಓಡಾಡಿ ನೋಡಿ ಬಂದರು. 1987ರ ಡಿಸೆಂಬರ್‌ನಲ್ಲಿ ಅಮೆರಿಕದ ರೇಗನ್ ಮತ್ತು ಸೋವಿಯತ್ ಒಕ್ಕೂಟದ ಗೊರ್ಬಚೇವ್ ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಕಡೆ ಸೇರಿ 2,692 ಕ್ಷಿಪಣಿಗಳು ಹೋದವು. ವೋಟ್ಕಿನ್ಸ್ಕ್ ಎಂಬ ರಷ್ಯಾದ ಕಾರ್ಖಾನೆ ಊರಿನಲ್ಲಿ ಅಮೆರಿಕದ ತಪಾಸಣೆಯವರು ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದರು, ಗೇಟಿನಿಂದ ಹೊರಗೆ ಏನು ಹೋಗುತ್ತದೆ ಎಂದು ನೋಡಲು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಅರ್ಜೆಂಟೀನಾ ಮತ್ತು ಬ್ರೆಜಿಲ್ ಕಥೆ. ನಮ್ಮಲ್ಲಿ ಇದರ ಬಗ್ಗೆ ಮಾತು ಕಡಿಮೆ. ಫುಟ್‌ಬಾಲ್ ಬಿಟ್ಟರೆ ಅವರಿಬ್ಬರ ಜಗಳ ಯಾರಿಗೂ ಗೊತ್ತಿಲ್ಲ. 1970ರ ದಶಕದಲ್ಲಿ ಎರಡೂ ಕಡೆ ಸೈನಿಕ ಆಡಳಿತ. ಎರಡೂ ದೇಶಗಳಲ್ಲಿ ಗುಟ್ಟಿನ ಅಣು ಕಾರ್ಯಕ್ರಮ. ಎರಡಕ್ಕೂ ಯುರೇನಿಯಂ ಸಂವರ್ಧನೆಯ ಹಂಬಲ. ಇದರ ಮೇಲೆ ನೀರಿನ ಜಗಳ ಬೇರೆ. ಪರಾನಾ ನದಿಗೆ ಬ್ರೆಜಿಲ್ ಮತ್ತು ಪರಾಗ್ವೆ ಇಟೈಪು ಎಂಬ ಭಾರಿ ಅಣೆಕಟ್ಟು ಕಟ್ಟುತ್ತಿದ್ದವು. ನದಿಯ ಕೆಳಭಾಗದಲ್ಲಿರುವ ಅರ್ಜೆಂಟೀನಾಕ್ಕೆ ಆತಂಕ. ಮೇಲಿನವನು ಗೇಟು ಎತ್ತಿದರೆ ನಮ್ಮ ಗತಿ ಏನು ಎಂಬ ಭಯ ನದಿಯ ಕೆಳಗಿರುವ ಯಾರಿಗೂ ಹೊಸದಲ್ಲ, ಅಲ್ವಾ?

ಮೊದಲು ಬಗೆಹರಿದದ್ದು ನೀರು. 1979ರಲ್ಲಿ ಮೂರು ದೇಶಗಳು ನೀರಿನ ಮಟ್ಟದ ಬಗ್ಗೆ ಒಪ್ಪಂದಕ್ಕೆ ಬಂದವು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾ ಬ್ರಿಟನ್ ಜೊತೆ ಸಂಬಂಧ ಕಡಿದುಕೊಂಡಾಗ, ಲಂಡನ್ನಿನಲ್ಲಿ ಅದರ ಪರ ಕೆಲಸ ನೋಡಿಕೊಂಡದ್ದು ಬ್ರೆಜಿಲ್. 1983ರಲ್ಲಿ ಅರ್ಜೆಂಟೀನಾ ತನಗೆ ಸಂವರ್ಧನೆಯ ತಂತ್ರ ಸಿಕ್ಕಿತು ಎಂದು ಪ್ರಕಟಿಸುವ ಮೊದಲು ಬ್ರೆಜಿಲ್ ಅಧ್ಯಕ್ಷರಿಗೆ ತಿಳಿಸಿತು. ಅಷ್ಟು ಹೊತ್ತಿಗೆ ಅಲ್ಲಿ ಪ್ರಜಾಪ್ರಭುತ್ವ ಮರಳುತ್ತಿತ್ತು. ಬ್ರೆಜಿಲ್‌ನಲ್ಲಿ 1985ಕ್ಕೆ ಮರಳಿತು. 1987ರಲ್ಲಿ ಬ್ರೆಜಿಲ್ ಅಧ್ಯಕ್ಷ ಸಾರ್ನೆ ಅರ್ಜೆಂಟೀನಾದ ಪಿಲ್ಕನಿಯೆವು ಎಂಬ ಗುಟ್ಟಿನ ಸಂವರ್ಧನಾ ಘಟಕದೊಳಗೆ ಹೋಗಿ ನೋಡಿದರು. ಮರುವರ್ಷ ಅರ್ಜೆಂಟೀನಾದ ಅಲ್ಫೊನ್ಸಿನ್ ಬ್ರೆಜಿಲ್ ನೌಕಾಪಡೆಯ ಅರಮಾರ್ ಘಟಕ ನೋಡಿದರು. ಉಳ್ಳಾರ್ತಿಯ ಗೇಟು ಪಾಕಿಸ್ತಾನದ ಪ್ರಧಾನಿಗೆ ತೆರೆಯಿತು ಎಂದು ಊಹಿಸಿಕೊಳ್ಳಿ. ಆಗ ಆ ಭೇಟಿಗಳ ತೂಕ ಗೊತ್ತಾಗುತ್ತದೆ.

1991ರ ಜುಲೈ 18ರಂದು ಇಬ್ಬರೂ ಸೇರಿ ಒಂದು ಜಂಟಿ ತಪಾಸಣಾ ಸಂಸ್ಥೆ ಕಟ್ಟಿದರು. ಅದರ ಕಚೇರಿ ರಿಯೊ ಡಿ ಜನೈರೊದಲ್ಲಿದೆ. ಬ್ರೆಜಿಲ್‌ನವರು ಅರ್ಜೆಂಟೀನಾದ ಸ್ಥಾವರಗಳ ಲೆಕ್ಕ ನೋಡುತ್ತಾರೆ, ಅರ್ಜೆಂಟೀನಾದವರು ಬ್ರೆಜಿಲ್‌ನ ಲೆಕ್ಕ ನೋಡುತ್ತಾರೆ. ಇವತ್ತಿಗೂ ನಡೆಯುತ್ತಿದೆ. ಇದರಲ್ಲಿ ಒಂದು ಮಾತು ಗಮನಿಸಬೇಕು. ಇಬ್ಬರಿಗೂ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಹೋಗುವಷ್ಟು ದೊಡ್ಡ ಗಡಿ ಜಗಳ ಇರಲಿಲ್ಲ. ಕಾಶ್ಮೀರದಂಥದ್ದು ಅಲ್ಲಿಲ್ಲ. ಅದನ್ನು ಬಿಟ್ಟು "ಅವರು ಮಾಡಿದರು, ನಮಗೇಕೆ ಆಗುವುದಿಲ್ಲ" ಎಂದು ಬರೆಯುವುದು ಅನ್ಯಾಯ.

ಮೊದಲ ಹೆಜ್ಜೆಯ ಬೆಲೆ

ಯಾರಾದರೂ ಒಬ್ಬರು ಮೊದಲು ಕೈ ಚಾಚಬೇಕು. ಖರ್ಚಿಲ್ಲದ ಮಾತಿಗೆ ವೈರಿ ಕಿವಿಗೊಡುವುದಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ 1963ರ ಜೂನ್ 10ರ ಭಾಷಣದಲ್ಲಿ, ಬೇರೆಯವರು ಮಾಡದಿರುವ ತನಕ ನಾವು ವಾತಾವರಣದಲ್ಲಿ ಅಣು ಪರೀಕ್ಷೆ ಮಾಡುವುದಿಲ್ಲ ಎಂದು ತಾವಾಗಿಯೇ ಘೋಷಿಸಿದರು. ಸೋವಿಯತ್ ಪತ್ರಿಕೆಗಳು ಆ ಭಾಷಣವನ್ನು ಪೂರ್ತಿ ಅಚ್ಚು ಹಾಕಿದವು. ಎರಡೇ ತಿಂಗಳಿಗೆ, ಆಗಸ್ಟ್ 5ರಂದು, ಮಾಸ್ಕೋದಲ್ಲಿ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು.

ಈಜಿಪ್ಟಿನ ಅನ್ವರ್ ಸಾದತ್ ಇನ್ನೂ ಮುಂದೆ ಹೋದರು. 1977ರ ನವೆಂಬರ್ 19ರಂದು ಜೆರುಸಲೇಮಿಗೇ ಹೋಗಿ ಇಳಿದರು. ನಾಲ್ಕು ವರ್ಷದ ಹಿಂದಷ್ಟೇ ಯುದ್ಧ ಮಾಡಿದ್ದ ಶತ್ರುವಿನ ಮನೆಗೆ. ಅರಬ್ ಜಗತ್ತು ಅವರನ್ನು ದೂರ ಇಟ್ಟಿತು. 1979ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದ ಆಯಿತು. 1981ರ ಅಕ್ಟೋಬರ್‌ನಲ್ಲಿ ಅವರದೇ ಸೈನಿಕರು ಅವರನ್ನು ಕೊಂದರು. ಒಪ್ಪಂದ ಮಾತ್ರ ಇಂದಿಗೂ ನಿಂತಿದೆ. ಮೊದಲ ಹೆಜ್ಜೆ ಇಟ್ಟವನಿಗೆ ಹೊರಗಿನ ಶತ್ರುಗಿಂತ ಮನೆಯೊಳಗಿನವರ ಸಿಟ್ಟೇ ಜಾಸ್ತಿ ಅಪಾಯ. ಟಿವಿ ಚರ್ಚೆಗಳ ಈ ಕಾಲದಲ್ಲಿ ಅದು ಇನ್ನೂ ಜಾಸ್ತಿ.

ಕೈ ಚಾಚಿ ಏಟು ತಿಂದವರೂ ಇದ್ದಾರೆ. ವಾಜಪೇಯಿ 1999ರ ಫೆಬ್ರವರಿ 20ರಂದು ಬಸ್ಸಿನಲ್ಲಿ ಗಡಿ ದಾಟಿ ಲಾಹೋರಿಗೆ ಹೋದರು. ಮರುದಿನ ಘೋಷಣೆಗೆ ಸಹಿ ಆಯಿತು. ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಪಾಕಿಸ್ತಾನದ ಸೈನಿಕರು ಕೂತಿರುವುದು ಗೊತ್ತಾಯಿತು. ಬೇಕೆಂದೇ ಮೋಸ ಮಾಡುವವನನ್ನು ಯಾವ ಹಾಟ್‌ಲೈನೂ ತಡೆಯುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈ ಏರ್ಪಾಡುಗಳು ತಡೆಯುವುದು ತಪ್ಪು ತಿಳುವಳಿಕೆಯ ಯುದ್ಧವನ್ನು. ಬೇಕೆಂದೇ ಶುರು ಮಾಡುವ ಯುದ್ಧಕ್ಕೆ ಮದ್ದು ಬೇರೆ. ಆದರೆ ಒಂದು ಸಂಗತಿ: ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸುವ ಮಾತು ಮೊದಲು ಕಾಗದಕ್ಕೆ ಬಂದದ್ದು ಅದೇ ಲಾಹೋರಿನಲ್ಲಿ. ಕಾರ್ಗಿಲ್ ಆಯಿತು, ಸಂಸತ್ ದಾಳಿ ಆಯಿತು. ಆ ಸಾಲು ಸಾಯಲಿಲ್ಲ, 2005ರಲ್ಲಿ ಪೂರ್ಣ ಒಪ್ಪಂದವಾಯಿತು. ಅಣು ಸ್ಥಾವರಗಳ ಪಟ್ಟಿಯದೂ ಅದೇ ನಿಧಾನ. 1981ರಲ್ಲಿ ಇಸ್ರೇಲ್ ಇರಾಕಿನ ಒಸಿರಾಕ್ ರಿಯಾಕ್ಟರ್ ಮೇಲೆ ಬಾಂಬು ಹಾಕಿದ ಮೇಲೆ ತನಗೂ ಹಾಗೇ ಆಗಬಹುದು ಎಂಬ ಭಯ ಪಾಕಿಸ್ತಾನಕ್ಕೆ ಹತ್ತಿತು. 1985ರಲ್ಲಿ ರಾಜೀವ್ ಗಾಂಧಿ ಮತ್ತು ಜಿಯಾ ಬಾಯಿಮಾತಿನಲ್ಲಿ ಒಪ್ಪಿದರು. 1988ರ ಡಿಸೆಂಬರ್ 31ರಂದು ರಾಜೀವ್ ಮತ್ತು ಬೆನಜೀರ್ ಭುಟ್ಟೊ ಸಮ್ಮುಖದಲ್ಲಿ ಸಹಿ ಆಯಿತು. ಜಾರಿಗೆ ಬಂದದ್ದು 1991ರ ಜನವರಿಯಲ್ಲಿ.

ಎಲ್ಲಿ ಮುರಿಯುತ್ತದೆ

ಚೀನಾ ಗಡಿ ಇನ್ನೊಂದು ಪಾಠ. 1996ರ ಒಪ್ಪಂದದ ಪ್ರಕಾರ ವಾಸ್ತವ ನಿಯಂತ್ರಣ ರೇಖೆಯ 2 ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಒಂದು ಗುಂಡೂ ಹಾರಲಿಲ್ಲ. ಮೊಳೆ ಹೊಡೆದ ಕೋಲು, ಕಲ್ಲುಗಳಿಂದ ಹೊಡೆದಾಡಿದರು. ನಿಯಮದ ಅಕ್ಷರ ಉಳಿಯಿತು, ಉದ್ದೇಶ ಸತ್ತಿತು. ಆದರೂ ಬಂದೂಕು ಎತ್ತಿದ್ದರೆ ಆ ರಾತ್ರಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂದೂ ಯೋಚಿಸಬೇಕು. ಸಮಸ್ಯೆ ಏನೆಂದರೆ ಆ ರೇಖೆ ಎಲ್ಲಿದೆ ಎಂಬುದರಲ್ಲೇ ಇಬ್ಬರಿಗೂ ಒಮ್ಮತವಿಲ್ಲ. ನಕ್ಷೆಗಳನ್ನು ಪೂರ್ತಿ ಅದಲುಬದಲು ಮಾಡಿಕೊಂಡೇ ಇಲ್ಲ. ಗಡಿ ಗುರುತಿಸದೆ ಗಡಿಯ ನಿಯಮ ಮಾತ್ರ ಬರೆದರೆ ಹೀಗೆ ಆಗುತ್ತದೆ. ಅದೇ ಗಡಿಯ ದೆಪ್ಸಾಂಗ್, ದೆಮ್‌ಚೋಕ್‌ನಲ್ಲಿ ಗಸ್ತು ತಿರುಗುವ ಬಗ್ಗೆ ಒಪ್ಪಂದಕ್ಕೆ ಬರಲು 2024ರ ಅಕ್ಟೋಬರ್ ತನಕ ಕಾಯಬೇಕಾಯಿತು.

ಸಿಂಧೂ ಜಲ ಒಪ್ಪಂದ 1960ರದ್ದು. 1965, 1971ರ ಯುದ್ಧಗಳನ್ನು ದಾಟಿ ಬದುಕಿತ್ತು. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಆದರೆ ಅದೇ ಆಗಸ್ಟ್‌ನಲ್ಲಿ ತಾವಿ ನದಿ ಉಕ್ಕಿದಾಗ ಪ್ರವಾಹದ ಮುನ್ಸೂಚನೆಯನ್ನು ಪಾಕಿಸ್ತಾನಕ್ಕೆ ಕಳಿಸಿತು. ಸಿಂಧೂ ಆಯೋಗದ ಮೂಲಕ ಕಳಿಸಲಿಲ್ಲ, ಹೈಕಮಿಷನ್ ಮೂಲಕ ಕಳಿಸಿತು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಕೆಳಗಿನ ಊರಿನ ಜೀವ ಜೀವದ ಜಾಗದಲ್ಲಿ.

ಅಮೆರಿಕ ಮತ್ತು ರಷ್ಯಾ ಕಟ್ಟಿದ್ದೆಲ್ಲ ಈಗ ಒಂದೊಂದಾಗಿ ಕಳಚುತ್ತಿದೆ. ರೇಗನ್-ಗೊರ್ಬಚೇವ್ ಒಪ್ಪಂದ 2019ರಲ್ಲಿ ಹೋಯಿತು. ಒಬ್ಬರ ಮೇಲೊಬ್ಬರು ನಿಶ್ಶಸ್ತ್ರ ವಿಮಾನ ಹಾರಿಸಿ ನೋಡುವ ಮುಕ್ತ ಆಕಾಶ ಒಪ್ಪಂದದಿಂದ 2020ರಲ್ಲಿ ಅಮೆರಿಕ, 2021ರಲ್ಲಿ ರಷ್ಯಾ ಹೊರಬಂದವು. ದೊಡ್ಡ ಅಣ್ವಸ್ತ್ರಗಳ ಲೆಕ್ಕ ಮಿತಿಯಲ್ಲಿಟ್ಟಿದ್ದ ಕೊನೆಯ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಪರಸ್ಪರ ತಪಾಸಣೆ ಅದಕ್ಕೂ ಮುಂಚೆ, 2020ರ ಕೊರೊನಾ ಕಾಲದಲ್ಲೇ ನಿಂತಿತ್ತು. ನಿಲ್ಲಿಸುವುದು ಸುಲಭ, ಮತ್ತೆ ಶುರು ಮಾಡುವುದು ಕಷ್ಟ.

ನಮ್ಮ ಉಪಖಂಡದಲ್ಲಿ ಈಗ ಕಾಣುವ ದೊಡ್ಡ ತೂತು ಬೇರೆಯದು. 2005ರ ಒಪ್ಪಂದ ಹೇಳುವುದು ಬಾಲಿಸ್ಟಿಕ್ ಕ್ಷಿಪಣಿಗಳ ಬಗ್ಗೆ ಮಾತ್ರ, ಅಂದರೆ ಕಲ್ಲೆಸೆದಂತೆ ಮೇಲೇರಿ ಬೀಳುವ ಬಗೆ. ವಿಮಾನದಂತೆ ಕೆಳಮಟ್ಟದಲ್ಲಿ ಹಾರುವ ಕ್ರೂಸ್ ಕ್ಷಿಪಣಿಗಳು ಅದರಲ್ಲಿಲ್ಲ. ಬ್ರಹ್ಮೋಸ್ ಅದೇ ಜಾತಿ. ಪಾಕಿಸ್ತಾನದ ಬಾಬರ್ ಕೂಡ ಅದೇ. 2025ರ ಮೇ ತಿಂಗಳಲ್ಲಿ ಎರಡೂ ಕಡೆ ದೊಡ್ಡ ಸಂಖ್ಯೆಯಲ್ಲಿ ಬಳಸಿದ ಡ್ರೋನ್‌ಗಳ ಬಗ್ಗೆಯೂ ಇಂಥ ಒಪ್ಪಂದ ಇಲ್ಲ. ಸಾಮಾನ್ಯ ಸಿಡಿತಲೆಯೋ ಅಣು ಸಿಡಿತಲೆಯೋ ಎಂದು ಬರುತ್ತಿರುವ ಕ್ರೂಸ್ ಕ್ಷಿಪಣಿಯನ್ನು ನೋಡಿ ಹೇಳಲಾಗದು. ಸೈನ್ಯಗಳಿಗೆ ಈ ಅಸ್ಪಷ್ಟತೆಯೇ ಅನುಕೂಲ, ಅದಕ್ಕೇ ಯಾರೂ ಅವಸರ ಮಾಡುವುದಿಲ್ಲ. ಎರಡೂ ಕಡೆಯವರು ಮತ್ತೆ ಮೇಜಿಗೆ ಬಂದಾಗ ಕಾಶ್ಮೀರವನ್ನೋ ವ್ಯಾಪಾರವನ್ನೋ ಹಿಡಿದು ಕೂರುವ ಮೊದಲು ಮಾಡಬಹುದಾದ ಕೆಲಸ ಒಂದಿದೆ: 2005ರ ಆ ಕಾಗದಕ್ಕೆ ಕ್ರೂಸ್ ಕ್ಷಿಪಣಿ ಎಂಬ ಒಂದು ಸಾಲು ಸೇರಿಸುವುದು, ತಪ್ಪಿ ಹಾರಿದರೆ ಎಷ್ಟು ನಿಮಿಷದೊಳಗೆ ಕರೆ ಹೋಗಬೇಕು ಎಂದು ಬರೆಯುವುದು.